ಢಾಯ್‌ಸೌ ಡಿಗ್ರಿಯ ಗಾಳಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರಿನ ಜನ ನನ್ನ ಧ್ವನಿ ಕೇಳಿದ್ದಾರೆ. ಮುಖ ನೋಡಿದವರು ಕಡಿಮೆ, ಅದು ಅವರ ಪುಣ್ಯ. ಪ್ರಚಾರದ ಆಟೋದ ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತು ಬಟ್ಟೆ ಅಂಗಡಿಯ ಸೇಲು, ಟ್ಯೂಷನ್ ಕ್ಲಾಸು, ಕಣ್ಣಿನ ತಪಾಸಣೆ ಶಿಬಿರ, ತಪ್ಪಿಸಿಕೊಂಡ ಎಮ್ಮೆ ಎಲ್ಲವನ್ನೂ ಕೂಗುವುದು ನನ್ನ ಉದ್ಯೋಗ. ಚಿಂಚೋಳಿಯಲ್ಲಿ ಅರ್ಧ ತೆಲುಗು ಬೆರೆಸುತ್ತೇನೆ. ವಾಡಿಯಲ್ಲಿ ರೈಲು ಬರುವ ಸುದ್ದಿ ಹೇಳುವ ಹೆಂಗಸಿನಂತೆ ಮೂಗಿನಿಂದ ಮಾತಾಡುತ್ತೇನೆ. ಚಿತ್ತಾಪುರದ ಬಸ್ ಸ್ಟ್ಯಾಂಡಿನ ಹತ್ತಿರ “ಕಾಳಗಿ ಕಾಳಗಿ ಕಾಳಗೀ” ಎಂದು ಕಂಡಕ್ಟರನ ಹಾಗೆ ಒದರಿ, ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ಮುದುಕರನ್ನು ಸುಮ್ಮನೆ ಎಬ್ಬಿಸುತ್ತೇನೆ. ಅವರು ಬೈಯುತ್ತಾರೆ. ಆ ಬೈಗುಳವನ್ನೂ ಅವರದೇ ಧ್ವನಿಯಲ್ಲಿ ವಾಪಸ್ ಕೊಡುತ್ತೇನೆ. ನಿನ್ನ ಸ್ವಂತ ಧ್ವನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ.

ಇಂಥ ಬಾಯಿಯಿಂದ, ಹೋದ ಮಳೆಗಾಲದ ಒಂದು ಮಧ್ಯಾಹ್ನ, ನನ್ನ ಅಕ್ಕನ ಅಷ್ಟೂ ವರ್ಷದ ದುಡಿಮೆ ಮಗುಚಿ ಬಿತ್ತು.

ಅಕ್ಕ ಹಳೆಯ ಗಾಳಿಯ ಮೇಲೆ ಸಂಶೋಧನೆ ಮಾಡುತ್ತಾಳೆ. ಹಳೆಯ ಗಾಳಿ ಎಂದರೆ ಹಳೆಯ ಕಟ್ಟಡ, ಹಳೆಯ ನಾಣ್ಯ ಇದ್ದ ಹಾಗೆ ಎಲ್ಲಾದರೂ ಉಳಿದಿರುತ್ತದೆಯೇ ಎಂದು ನಾನು ಬಹಳ ದಿನ ಅವಳನ್ನು ಕಾಡಿದ್ದೇನೆ. ಮಳಖೇಡದ ಕೋಟೆಯೊಳಗೆ ಹೋಗಿ ಒಂದು ಡಬ್ಬಿಯಲ್ಲಿ ಗಾಳಿ ತುಂಬಿಕೊಂಡು ಬಂದು, “ಅಕ್ಕಾ, ರಾಜರ ಕಾಲದ್ದು, ಫ್ರೆಶ್ ಅದ” ಎಂದು ಮುಚ್ಚಳ ತೆಗೆದು ಅವಳ ಮೂಗಿಗೆ ಹಿಡಿದದ್ದೂ ಉಂಟು. ಆಗ ಅವಳು ನನ್ನನ್ನು ಕೂರಿಸಿ ತಿಳಿಸಿದಳು. ಆಕಾಶದಲ್ಲಿ ಉಪಗ್ರಹಗಳು ಇಲ್ಲದ ಕಾಲದಲ್ಲಿ ಹವಾಮಾನ ಕೇಂದ್ರದವರು ದಿನಾ ಒಂದು ರಬ್ಬರಿನ ಪುಗ್ಗಾಕ್ಕೆ, ಅಂದರೆ ಬಲೂನಿಗೆ, ಹಗುರವಾದ ಅನಿಲ ತುಂಬಿ ಮೇಲೆ ಬಿಡುತ್ತಿದ್ದರಂತೆ. ಅದು ಕಣ್ಮರೆಯಾಗುವವರೆಗೂ ಕೋನ ಅಳೆಯುವ ದುರ್ಬೀನಿನಲ್ಲಿ ಹಿಂಬಾಲಿಸುತ್ತಿದ್ದರಂತೆ. ಪುಗ್ಗಾ ಯಾವ ಎತ್ತರದಲ್ಲಿ ಯಾವ ಕಡೆಗೆ ಸರಿಯಿತು ಎಂಬುದನ್ನು ಒಂದು ಹಲಗೆಯ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದರೆ, ಆ ಎತ್ತರದ ಗಾಳಿ ಎಲ್ಲಿಂದ ಬರುತ್ತಿದೆ, ಎಷ್ಟು ಜೋರಾಗಿದೆ ಎಂದು ತಿಳಿಯುತ್ತಿತ್ತಂತೆ.

“ಪುಗ್ಗಾ ಬಿಟ್ಟು ಪಗಾರ ತಗೊಂತಿದ್ರಾ?” ಎಂದೆ. ನನಗೆ ನಿಜವಾಗಿಯೂ ಆಘಾತವಾಗಿತ್ತು. ಇಂಥ ನೌಕರಿ ಇತ್ತೆಂದು ನಮ್ಮ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

“ನೀ ಆಟೋದಾಗ ಒದರಿ ತಗೊಳ್ಳಂಗಿಲ್ಲೇನು? ಹಂಗೇ. ಅವರು ಬರದಿಟ್ಟಿದ್ದಕ್ಕೇ ಅಜ್ಜನ ಕಾಲದಾಗ ಮ್ಯಾಲ ಗಾಳಿ ಹೆಂಗಿತ್ತು ಅಂತ ನಮಗ ಇವತ್ತ ಗೊತ್ತಾಗ್ತದ. ನೆಲದ ಮ್ಯಾಲಿಂದಷ್ಟೇ ನೋಡಿದ್ರ ಮಳಿ ಯಾಕ ಬಂತು, ಯಾಕ ಬರಲಿಲ್ಲ ತಿಳಿಯಂಗಿಲ್ಲ ತಮ್ಮಾ.”

ಅಂಥ ಹಾಳೆಗಳ ಫೋಟೋಗಳು ಅವಳ ಲ್ಯಾಪ್‌ಟಾಪಿನ ತುಂಬ ಇದ್ದವು. ಯಾವ ಊರಿನ ಕೇಂದ್ರ ಎಂದು ನಾನಿಲ್ಲಿ ಬರೆಯುವುದಿಲ್ಲ, ಬರೆದರೆ ಅವಳ ಕೈಯಲ್ಲಿ ಏಟು ಬೀಳುತ್ತದೆ. ನಮ್ಮ ಕಡೆಯದೇ ಎಂದಿಟ್ಟುಕೊಳ್ಳಿ. ಆ ಹಾಳೆಗಳಲ್ಲಿ ಅವಳಿಗೊಂದು ದೊಡ್ಡ ವಿಷಯ ಸಿಕ್ಕಿತ್ತು. ನಮ್ಮಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ, ಕೊಂಚ ದಕ್ಷಿಣಕ್ಕೆ ವಾಲಿ ಬರುತ್ತದೆ. ಇದನ್ನು ಹೇಳಲು ವಿಜ್ಞಾನ ಬೇಕಿಲ್ಲ, ಅಂಗಳದಲ್ಲಿ ಒಣಹಾಕಿದ ಲುಂಗಿ ಯಾರ ಮನೆಗೆ ಹಾರಿಹೋಗುತ್ತದೆ ಎಂದು ನೋಡಿದರೆ ಸಾಕು. ಆದರೆ ಅಜ್ಜನ ಕಾಲದ ಕೆಲವು ಮಳೆಗಾಲಗಳಲ್ಲಿ, ಮೈಲಿಯೆತ್ತರದ ಗಾಳಿ ಮತ್ತೆ ಮತ್ತೆ ಯಾದಗಿರಿ, ರಾಯಚೂರಿನ ಕಡೆಯಿಂದ, ಅಂದರೆ ಆಗ್ನೇಯದಿಂದ, ಬಂದಿದೆ ಎಂದು ಹಾಳೆ ಹೇಳುತ್ತಿತ್ತು. ಅದೇ ವರ್ಷಗಳಲ್ಲಿ ಮಳೆಯೂ ವಿಚಿತ್ರವಾಗಿತ್ತು. ಗಾಳಿ ತಿರುಗಿತು, ಆದ್ದರಿಂದ ಮಳೆ ಕೆಟ್ಟಿತು. ಅಕ್ಕನ ಪ್ರಬಂಧದ ನಡುಗಂಬ ಅದೇ. ಮುಂದಿನ ವಾರ ಕಲಬುರಗಿಯಲ್ಲಿ ಬಲ್ಲವರ ಮುಂದೆ ಅದನ್ನು ಮಂಡಿಸಬೇಕಿತ್ತು. ಅವರು ಒಪ್ಪಿದರೆ ಅವಳು ಡಾಕ್ಟರ್. ಹೊಲಿಗೆ ಹಾಕದ ಡಾಕ್ಟರ್ ಎಂದು ನಾನು ಆಗಲೇ ಓಣಿಯಲ್ಲಿ ಡಂಗುರ ಹೊಡೆದಿದ್ದೆ.

ಮಂಡಿಸುವ ಮೊದಲು ಅವಳ ಗೈಡ್ ಮೇಡಂ ಒಂದು ಕೆಲಸ ಹಚ್ಚಿದ್ದರು. ಆ ವರ್ಷಗಳ ಅಂಕಿಗಳನ್ನೂ ಅವುಗಳ ಹಿಂದಿನ ಮುಂದಿನ ವರ್ಷಗಳ ಅಂಕಿಗಳನ್ನೂ ಎರಡನೆಯ ಸಲ ಟೈಪ್ ಮಾಡಿ ತಾಳೆ ನೋಡಬೇಕು. ಒಬ್ಬರು ಹಾಳೆ ನೋಡಿ ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಮೊದಲ ಸಲದ ಅಂಕಿಗೂ ಈ ಸಲದ್ದಕ್ಕೂ ಹೊಂದದಿದ್ದರೆ ಪರದೆಯ ಮೇಲೆ ಆ ಅಂಕಿಯ ಚೌಕದ ಮನೆ ಕೆಂಪಾಗುತ್ತದೆ. ಅಕ್ಕ ಶಹಾಬಾದಿಗೆ ಬಂದು, ಮನೆಯ ಫರ್ಸಿ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ ಕೂತಳು. ಮಳೆಗೆ ಮೈಕು ನೆನೆಯುತ್ತದೆಂದು ನಾನೂ ಖಾಲಿ ಇದ್ದೆ.

“ಸುಮ್ಮ ಓದು. ಆಟ ಹಚ್ಚಬ್ಯಾಡ.”

ಆಟ ಹಚ್ಚದೆ ನಾನು ನೀರು ಕೂಡ ಕುಡಿಯುವುದಿಲ್ಲ. ಮೊದಲ ಹಾಳೆ ಕಂಡಕ್ಟರನ ಧ್ವನಿಯಲ್ಲಿ: “ಇನ್ನೂರಾ ಅರವತ್ತು, ಇನ್ನೂರಾ ಅರವತ್ತು, ಯಾರ್ರೀ ಇನ್ನೂರಾ ಅರವತ್ತು, ಮುಂದ ಸರೀರಿ!” ಎರಡನೆಯದು ವಾಡಿಯ ಹೆಂಗಸಿನ ಧ್ವನಿಯಲ್ಲಿ: “ಇನ್ನೂರ ಎಪ್ಪತ್ತು ಡಿಗ್ರಿಯಿಂದ ಬರುವ ಗಾಳಿಯು ತಡವಾಗಿ ಚಲಿಸುತ್ತಿದೆ.” ಅಕ್ಕ ನಗುತ್ತಲೇ ಟೈಪ್ ಮಾಡುತ್ತಿದ್ದಳು. ಓದುಗರಿಗೆ ಇಷ್ಟು ತಿಳಿದರೆ ಸಾಕು: ಗಾಳಿ ಬರುವ ದಿಕ್ಕನ್ನು ಉತ್ತರದಿಂದ ಬಲಕ್ಕೆ ಸುತ್ತುತ್ತ ಎಣಿಸುತ್ತಾರೆ. ತೊಂಬತ್ತು ಎಂದರೆ ಪೂರ್ವ, ನೂರ ಎಂಬತ್ತು ದಕ್ಷಿಣ, ಇನ್ನೂರ ಎಪ್ಪತ್ತು ಪಶ್ಚಿಮ. ಹತ್ತು ಹತ್ತರ ಲೆಕ್ಕದಲ್ಲೇ ಬರೆಯುತ್ತಿದ್ದರು. ನಮ್ಮ ಮಳೆಗಾಲದ ಗಾಳಿ ಇನ್ನೂರ ಐವತ್ತರ ಆಸುಪಾಸು. ಅಕ್ಕನ ವಿಚಿತ್ರ ಗಾಳಿ ನೂರ ಐವತ್ತು.

ಮೂರನೆಯ ಹಾಳೆಗೆ ನಾನು ಭಂಕೂರದ ಮೇಸ್ತ್ರಿಯ ಧ್ವನಿ ಎತ್ತಿದೆ. ನಮ್ಮಪ್ಪ ಕೆಲಸ ಮಾಡುವ ಕಲ್ಲು ಪಾಲಿಶ್ ಕಾರ್ಖಾನೆಯ ಮೇಸ್ತ್ರಿ. ಅವನ ಎಡಗೆನ್ನೆಯಲ್ಲಿ ಪಾನ್ ಇಲ್ಲದ್ದನ್ನು ಕಂಡವರಿಲ್ಲ. ನೂರು, ಇನ್ನೂರು ಎಂದು ಎಣಿಸುವವನಲ್ಲ, ದಖ್ಖನಿ ಉರ್ದುವಿನ ಲೆಕ್ಕದವನು: ಸವಾ, ಪೌಣೆ, ಒಂದೂವರೆಗೆ ಡೇಢ್, ಎರಡೂವರೆಗೆ ಢಾಯ್. ಹಾಳೆಯಲ್ಲಿ ಇನ್ನೂರ ಐವತ್ತು ಎಂದಿತ್ತು. ನಾನು ಕೆನ್ನೆ ಉಬ್ಬಿಸಿ ಗುರುಗುಟ್ಟಿದೆ, “ಢಾಯ್‌ಸೌ.”

ಮನೆ ಕೆಂಪಾಯಿತು.

“ನೋಡು, ತಪ್ಪ ಓದಿದಿ. ಇದಕ್ಕೇ ಹೇಳಿದ್ನಿ, ಆಟ ಬ್ಯಾಡ ಅಂತ.”

“ನಾ ಸರಿ ಓದೀನಿ. ನೀ ಏನ್ ಬರದಿ?”

“ನೀ ಅಂದಿದ್ದೇ. ನೂರಾ ಐವತ್ತು.”

“ಅಯ್ಯ ಶಿವನೇ! ಡೇಢ್‌ಸೌ ಅಂದ್ರ ನೂರಾ ಐವತ್ತು. ನಾ ಅಂದಿದ್ದು ಢಾಯ್‌ಸೌ. ಇನ್ನೂರಾ ಐವತ್ತು. ಡಾಕ್ಟರ್ ಆಗಾಕಿ, ಢಾಯ್ ಗೊತ್ತಿಲ್ಲ.”

“ಗೊತ್ತದ ಸುಮ್ಮಿರು. ನೀ ಡೇಢ್ ಅಂದಿ.”

“ಢಾಯ್.”

“ಡೇಢ್.”

ಅಷ್ಟರಲ್ಲಿ ಅಪ್ಪ ಕೆಲಸ ಮುಗಿಸಿ ಬಂದ. ಮೈಯೆಲ್ಲ ಕಲ್ಲಿನ ಬಿಳಿ ಪುಡಿ, ಮಳೆಗೆ ಅದು ಅಂಬಲಿಯಂತಾಗಿತ್ತು. ಕಟರ್ ಮಷೀನಿನ ಹತ್ತಿರ ನಿಂತು ನಿಂತು ಅವನ ಒಂದು ಕಿವಿ ಮಂದ. “ಏನದು ಜಗಳ? ನನ್ನ ಈ ಕಿವಿಗೂ ಕೇಳ್ಲಿಕತ್ತದಲ್ಲ!” ಎಂದ. ಅಕ್ಕ ಅವನನ್ನೇ ಪಂಚ ಮಾಡಿದಳು. ಗೋಡೆಯ ಕಡೆ ಮುಖ ಮಾಡಿ ಇನ್ನೊಮ್ಮೆ ಹೇಳು ಎಂದು ನನಗೆ ಹೇಳಿದಳು. ಹೇಳಿದೆ.

ಅಪ್ಪ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿ ಮೊದಲು ನಕ್ಕ. “ಮೇಸ್ತ್ರಿ ಮನಿಗೇ ಬಂದಂಗಾತು ನೋಡು. ಥೇಟ್ ಅವನೇ.” ಆಮೇಲೆ ಹೇಳಿದ, “ಢಾಯ್ ಅಂದ್ಯೋ ಡೇಢ್ ಅಂದ್ಯೋ ತಿಳೀಲಿಲ್ಲ. ಯಾರಿಗೂ ತಿಳಿಯಂಗಿಲ್ಲ. ಅದಕ್ಕೇ ನಮ್ಮ ಮಷೀನ್ ಮುಂದ ಢಾಯ್ ಅನ್ನೋದೇ ಇಲ್ಲ, ಅಡೀಚ್ ಅಂತೀವಿ. ಮರಾಠಿ ಅನ್ನು ಏನರೇ ಅನ್ನು, ಕಿವಿಗೆ ಬ್ಯಾರೆ ಕೇಳ್ತದ. ಹೊಸಬ ಬಂದ್ರ ಮೊದಲನೇ ದಿನ ಹೇಳೋ ಮಾತೇ ಇದು. ಇಲ್ಲಾಂದ್ರ ಎರಡೂವರಿ ಫೂಟಿನ ಕಲ್ಲು ಒಂದೂವರಿಗೆ ಕೊಯ್ದು ಕುಂದ್ರತಾನ.”

ನನಗೆ ಇದು ಹೊಸದಲ್ಲ. ಶಹಾಬಾದಿನಲ್ಲಿ ಬೆಳೆದವರಿಗೆಲ್ಲ ಗೊತ್ತು. ಅಕ್ಕ ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಮರೆತಿದ್ದಳು. ನಾನು ಗೆದ್ದವನಂತೆ ಕೈ ಎತ್ತಿ ಕುಣಿಯಲು ಎದ್ದೆ. ಅವಳ ಮುಖ ನೋಡಿ ಎತ್ತಿದ ಕೈ ಹಾಗೇ ನಿಂತಿತು.

“ಹೊಸಬ,” ಎಂದಳು. ನನಗಲ್ಲ, ಅಪ್ಪನಿಗಲ್ಲ. ಪರದೆಗೆ.

ಆಮೇಲೆ ಅವಳ ಬೆರಳುಗಳು ಓಡತೊಡಗಿದವು. ಆ ವಿಚಿತ್ರ ವರ್ಷಗಳ ಹಾಳೆಗಳನ್ನು ತೆಗೆದಳು. ಅಲ್ಲಿಯ ಕೈಬರಹ ಬೇರೆ. ಮೊದಲಿನವನು ಕೋಳಿ ಕೆದರಿದಂತೆ ಬರೆಯುತ್ತಿದ್ದ. ಇವನದು ದುಂಡನೆಯ ಅಚ್ಚುಕಟ್ಟು ಅಂಕಿ, ಏಳಕ್ಕೆ ನಡುವೆ ಒಂದು ಅಡ್ಡಗೆರೆ. “ಬರಹ ಬದಲಾಗಿದ್ದು ನೋಡಿದ್ನಿ,” ಎಂದಳು ಅಕ್ಕ. “ಓದ್ಲಿಕ್ಕೆ ಚಲೋ ಆತು ಅಂತ ಖುಷಿಪಟ್ಟಿದ್ನಿ.” ಆ ವರ್ಷಗಳ ಅಂಕಿಗಳಲ್ಲಿ ಇನ್ನೂರ ನಲವತ್ತನ್ನು ಹುಡುಕಿದಳು. ರಾಶಿ ಇತ್ತು. ಇನ್ನೂರ ಅರವತ್ತು ರಾಶಿ ಇತ್ತು. ಇನ್ನೂರ ಐವತ್ತು?

ಒಂದೂ ಇರಲಿಲ್ಲ.

ಮಳೆಗಾಲಕ್ಕೆ ಮಳೆಗಾಲ, ದಿನಕ್ಕೆ ದಿನ, ಗಾಳಿ ಇನ್ನೂರ ನಲವತ್ತರಿಂದ ಬಂದಿದೆ, ಇನ್ನೂರ ಅರವತ್ತರಿಂದ ಬಂದಿದೆ, ನಡುವಿನ ಇನ್ನೂರ ಐವತ್ತರಿಂದ ಮಾತ್ರ ಒಮ್ಮೆಯೂ ಬಂದಿಲ್ಲ. ಅಲ್ಲೇನೋ ಗೋಡೆ ಕಟ್ಟಿದ್ದರೋ ಎಂಬಂತೆ. ಇತ್ತ ನೂರ ಐವತ್ತು ಸಂತೆಯಂತೆ ತುಂಬಿತ್ತು. ಅದರ ಅಕ್ಕಪಕ್ಕದ ನೂರ ನಲವತ್ತು, ನೂರ ಅರವತ್ತು ಹುಡುಕಿದರೆ ಸಿಗುವಷ್ಟು. ದುಂಡನೆಯ ಅಕ್ಷರದವನು ಹೋಗಿ ಮತ್ತೊಬ್ಬ ಬಂದ ವರ್ಷ ನೋಡಿದರೆ, ಇನ್ನೂರ ಐವತ್ತು ತವರಿಗೆ ಹೋದ ಸೊಸೆಯಂತೆ ವಾಪಸ್ ಬಂದು ಕೂತಿತ್ತು.

ನಾನು ಪರದೆಗೆ ಬಗ್ಗಿ ಆ ವರ್ಷಗಳ ಇನ್ನೂರ ಐವತ್ತನ್ನು ನಾನೇ ಇನ್ನೊಮ್ಮೆ ಹುಡುಕಿದೆ. ಸಿಗಲಿಲ್ಲ.

ಅಕ್ಕ ನಿಧಾನವಾಗಿ ಹೇಳಿದಳು. ಆಗ ಈ ಕಡೆಯ ಕಚೇರಿಯ ಮಾತು ಉರ್ದು. ಹಲಗೆಯ ಮೇಲೆ ಗೆರೆ ಎಳೆದು ದಿಕ್ಕು ಕಂಡುಹಿಡಿಯುವವನು ಒಬ್ಬ, ಅವನು ಕೂಗಿದ್ದನ್ನು ಬರೆಯುವವನು ಇನ್ನೊಬ್ಬ. ಬರೆಯುವವನು ಎಲ್ಲೋ ದೂರದಿಂದ ವರ್ಗವಾಗಿ ಬಂದವನಿರಬೇಕು. ಢಾಯ್ ಎಂದರೆ ಒಂದೂವರೆ ಎಂದೇ ತಿಳಿದಿದ್ದ, ಅಥವಾ ಅವನ ಕಿವಿಗೆ ಹಾಗೆ ಕೇಳುತ್ತಿತ್ತು. ಇನ್ನೂರ ನಲವತ್ತು, ಇನ್ನೂರ ಅರವತ್ತು ದೋಸೌ ಎಂದೇ ಶುರುವಾಗುವುದರಿಂದ ಅವು ಕೆಡಲಿಲ್ಲ. ಕೇಳಿದ್ದನ್ನು ಅಷ್ಟೇ ಪ್ರಾಮಾಣಿಕವಾಗಿ, ಅಷ್ಟೇ ಚೆಂದವಾಗಿ, ದಿನವೂ ಬರೆದ. ಗಾಳಿ ತಿರುಗಿರಲೇ ಇಲ್ಲ.

ಹೊರಗೆ ಮಳೆ ಪಶ್ಚಿಮದಿಂದಲೇ ಬಡಿಯುತ್ತಿತ್ತು. ಅದೂ ಅಣಕಿಸುತ್ತಿದೆ ಎನ್ನಿಸಿತು.

“ಅಕ್ಕಾ,” ಎಂದೆ, “ಹಾಳ್ಯಾಗ ನೂರಾ ಐವತ್ತಂತೇ ಬರದದ. ನೀ ಇದ್ದದ್ದೇ ಟೈಪ್ ಮಾಡಿದಿ. ಸುಳ್ಳ ಏನ್ ಹೇಳಿಲ್ಲ. ನಾ ಬಾಯಿ ಮುಚ್ಕೊಂಡು ಇರ್ತೀನಿ.”

“ನೀನಾ? ಬಾಯಿ ಮುಚ್ಕೊಂಡು?” ಎಂದ ಅಪ್ಪ. ಅವನಿಗೆ ಆಘಾತವಾದದ್ದು ಅದೊಂದಕ್ಕೇ.

ಅಕ್ಕ ಲ್ಯಾಪ್‌ಟಾಪ್ ಮುಚ್ಚಲಿಲ್ಲ. “ನೀ ಬಾಯಿ ಮುಚ್ಕೊಂಡ್ರ ನಂದು ಕಿವಿ ಮುಚ್ತದೇನು?” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು, ಅವಳ ಸಿಟ್ಟಿನ ನಕಲು ನನಗೆ ಚೆನ್ನಾಗಿ ಬರುತ್ತದೆ. ಈ ಧ್ವನಿ ನನ್ನ ಬಳಿ ಇರಲಿಲ್ಲ.

ಅವಳಿಗೆ ಇನ್ನೂ ಒಂದು ಆಸೆ ಉಳಿದಿತ್ತು. ಪೂರ್ವಕ್ಕೆ ಬಹಳ ದೂರದಲ್ಲದ ಇನ್ನೊಂದು ಕೇಂದ್ರದವರೂ ಅದೇ ವರ್ಷಗಳಲ್ಲಿ ಪುಗ್ಗಾ ಬಿಡುತ್ತಿದ್ದರು. ಅವರ ದಾಖಲೆ ನಡುನಡುವೆ ತುಂಡಾಗಿದೆ ಎಂದು ಅವಳು ಬದಿಗಿಟ್ಟಿದ್ದಳು. ಗಾಳಿ ನಿಜಕ್ಕೂ ರಾಯಚೂರಿನ ಕಡೆಯಿಂದ ಬಂದಿದ್ದರೆ ಅಲ್ಲಿಯೂ ಕೆಲವು ದಿನವಾದರೂ ಹಾಗೆ ಕಾಣಬೇಕು. ಮರುದಿನವೆಲ್ಲ ನಾವು ಅದನ್ನೇ ಓದಿದೆವು. ಈ ಸಲ ನಾನು ಯಾರ ಧ್ವನಿಯನ್ನೂ ಮಾಡಲಿಲ್ಲ, ಗಂಟಲಲ್ಲಿ ಯಾರೂ ಇರಲಿಲ್ಲ. ಎರಡೂ ಕಡೆ ಪುಗ್ಗಾ ಹಾರಿದ ಬೆಳಗುಗಳಲ್ಲಿ, ಇಲ್ಲಿ ನೂರ ಐವತ್ತು ಇದ್ದಾಗ ಅಲ್ಲಿ ಇನ್ನೂರ ನಲವತ್ತು, ಇನ್ನೂರ ಐವತ್ತು, ಇನ್ನೂರ ಅರವತ್ತು. ಪ್ರತಿ ಸಾಲಿಗೂ ನಾನು ಇದೊಂದಾದರೂ ಬೇರೆ ಬರಲಿ ಎಂದು ದೇವರನ್ನು ಬೇಡುತ್ತಿದ್ದೆ. ನನ್ನ ಜಗಳದಲ್ಲಿ ನಾನೇ ಸೋಲುವಂತಾಗಲಿ ಎಂದು ಬೇಡಿದ್ದು ಜೀವನದಲ್ಲಿ ಅದೊಂದೇ ಸಲ. ಸೋಲಲಿಲ್ಲ.

ಅಕ್ಕ ಮೇಡಂಗೆ ಫೋನ್ ಮಾಡಿದಳು. ಎಲ್ಲ ಕೇಳಿದ ಮೇಲೆ ಮೇಡಂ, “ಇದು ನಿನ್ನ ಊಹೆ. ಕೂಗಿದ್ದು, ಕೇಳಿದ್ದು, ಇದಕ್ಕೆಲ್ಲ ಸಾಕ್ಷಿ ಎಲ್ಲಿದೆ?” ಎಂದರಂತೆ. ಅಕ್ಕ, “ನಮ್ಮ ತಮ್ಮ ಇದಾನ ಮೇಡಂ,” ಎಂದಳು. ನಾನು ಕೈ ಜೋಡಿಸಿ ಬೇಡವೆಂದೆ. ನೋಡಲೇ ಇಲ್ಲ.

ಹೀಗಾಗಿ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಲಬುರಗಿಯ ಒಂದು ಸಭಾಂಗಣದ ಹಿಂದಿನ ಗೋಡೆಗೆ ಮುಖ ಮಾಡಿ ನಿಂತೆ. ಮುಂದೆ ಕನ್ನಡಕದವರು, ಅವರ ಹಿಂದೆ ಕನ್ನಡಕ ಬರಲಿರುವವರು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಅಕ್ಕ ತನ್ನ ನಡುಗಂಬವನ್ನು ಮೊದಲು ಪೂರ್ತಿ ನಿಲ್ಲಿಸಿ ತೋರಿಸಿದಳು. ಚೆಂದದ ಚಿತ್ರಗಳು, ತಿರುಗಿದ ಗಾಳಿ, ಕೆಟ್ಟ ಮಳೆ. ಜನ ತಲೆದೂಗಿದರು. ಆಮೇಲೆ ಎಲ್ಲರೂ ಒಂದು ಪೆನ್ನು ತೆಗೆದು, ಕೇಳಿದ ಅಂಕಿ ಬರೆದುಕೊಳ್ಳಿ ಎಂದಳು.

ಮೇಸ್ತ್ರಿಯ ಧ್ವನಿ ಎತ್ತಬೇಕೆಂದಿದ್ದೆ. ಹಿಂದಿನ ದಿನ ಅವಳು ತಡೆದಿದ್ದಳು. “ಮೇಸ್ತ್ರಿ ಬ್ಯಾಡ. ಹಲಗಿ ಮುಂದ ಕುಂತವನ ಧ್ವನಿ ಮಾಡು.”

“ಅವನ ಧ್ವನಿ ನನಗೇನ್ ಗೊತ್ತು?”

“ಹಲಗಿ ಮ್ಯಾಲ ಬಗ್ಗಿರ್ತಾನ. ಒಂದ್ ಕೈಯಾಗ ಪಟ್ಟಿ, ಒಂದ್ ಕೈಯಾಗ ಕಂಪಾಸು. ಪೆನ್ಸಿಲ್ ಎಲ್ಲಿ ಇಡ್ತಾನ ಹೇಳು?”

ಹಲ್ಲಿನ ನಡುವೆ. ಬೇರೆಲ್ಲಿ ಇಡುತ್ತಾನೆ.

ನಾನು ಗೋಡೆಯ ಕಡೆ ಬಗ್ಗಿದೆ, ಪೆನ್ಸಿಲು ಕಚ್ಚಿದೆ, ದಖ್ಖನಿಯಲ್ಲಿ ಒಂದೊಂದೇ ಅಂಕಿ ಕೂಗಿದೆ. ನಾಲಿಗೆಗೆ ಜಾಗವಿಲ್ಲದೆ ಢಾಯ್ ತನ್ನ ಬಾಲ ಕಳೆದುಕೊಂಡು ಹೊರಬಂತು. ಮೇಸ್ತ್ರಿಯಂತಿರಲಿಲ್ಲ, ನನ್ನಂತೆಯೂ ಇರಲಿಲ್ಲ. ಅವಸರದ, ಸ್ವಲ್ಪ ದಣಿದ, ಮುಂದಿನ ಗೆರೆಯ ಮೇಲೆಯೇ ಕಣ್ಣಿಟ್ಟ ಯಾರದೋ ಧ್ವನಿ.

ಯಾರೂ ನಗಲಿಲ್ಲ. ನನ್ನ ನಕಲಿಗೆ ನಗದ ಮೊದಲ ಸಭೆ.

ಢಾಯ್‌ಸೌ ಬಂದ ಸಾಲಿಗೆ ಯಾರು ಏನು ಬರೆದಿದ್ದಾರೆಂದು ಅಕ್ಕ ಕೈ ಎತ್ತಿಸಿದಳು. ಈ ಕಡೆಯವರಲ್ಲಿ ಹೆಚ್ಚಿನವರು ಇನ್ನೂರ ಐವತ್ತು ಎಂದು ಬರೆದಿದ್ದರು, ಅದೂ ಅನುಮಾನದಿಂದ. ಬೇರೆ ಕಡೆಯಿಂದ ಬಂದವರಲ್ಲಿ ಮುಕ್ಕಾಲುಪಾಲು ನೂರ ಐವತ್ತು. ಮೇಡಂ ತಮ್ಮ ಕಾಗದವನ್ನು ತಾವೇ ಎತ್ತಿ ಎಲ್ಲರಿಗೂ ತೋರಿಸಿದರು. ನೂರ ಐವತ್ತು. ಪಕ್ಕದವರ ಕಾಗದ ನೋಡಿದರು, ಮತ್ತೆ ತಮ್ಮದನ್ನು ನೋಡಿದರು. ಆಗ ಅಕ್ಕ ಇನ್ನೂರ ಐವತ್ತು ಇಲ್ಲದ ವರ್ಷಗಳ ಚಿತ್ರ ಪರದೆಗೆ ಹಾಕಿದಳು, ಅದರ ಕೆಳಗೆ ಪೂರ್ವದ ಕೇಂದ್ರದ ಅಂಕಿ.

“ಹಾಗಾದರೆ ಆ ವರ್ಷಗಳ ಮಳೆ?” ಎಂದರು ಮೇಡಂ. “ಅದು ಕೆಟ್ಟದ್ದು ನಿಜ ತಾನೇ? ಯಾಕೆ ಕೆಟ್ಟಿತು?”

“ಗೊತ್ತಿಲ್ಲ ಮೇಡಂ,” ಎಂದಳು ಅಕ್ಕ. “ಗಾಳಿ ತಿರುಗಿದ್ದಕ್ಕಲ್ಲ ಅನ್ನೋದಷ್ಟೇ ಈಗ ಗೊತ್ತಾಗಿದ್ದು. ಈ ಅಧ್ಯಾಯ ತೆಗೀತೀನಿ. ಮೊದಲಿಂದ ನೋಡಬೇಕು.”

ಮೇಡಂ ತಮ್ಮ ಮುಂದಿದ್ದ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದರು.

ಚಹಾದ ಹೊತ್ತಿಗೆ ವಯಸ್ಸಾದ ವಿಜ್ಞಾನಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. “ಯಾರ ಧ್ವನಿ ಅದು? ನಿಮ್ಮ ಮನೆಯಲ್ಲಿ ಯಾರಾದರೂ ಆ ಕೆಲಸ ಮಾಡುತ್ತಿದ್ದರಾ?”

“ಇಲ್ರಿ ಸರ್. ಯಾರದಂತ ನನಗೂ ಗೊತ್ತಿಲ್ರಿ,” ಎಂದೆ. ಅಣಕಿಸಲು ನನಗೆ ಯಾವಾಗಲೂ ಒಬ್ಬ ಮನುಷ್ಯ ಬೇಕು, ಅವನ ನಡಿಗೆ ಬೇಕು, ಕೆಮ್ಮು ಬೇಕು. ಹೆಸರಿಲ್ಲದ, ಮುಖವಿಲ್ಲದ, ನಾನು ಹುಟ್ಟುವ ಮೊದಲೇ ಸತ್ತಿರಬಹುದಾದವನೊಬ್ಬ ನನ್ನ ಹಲ್ಲಿನ ನಡುವೆ ಬಂದು ಕೂತು ಹೋಗಿದ್ದ. ಪೆನ್ಸಿಲಿನ ಮೇಲೆ ಕಚ್ಚಿದ ಗುರುತು ನೋಡಿದೆ. ನನ್ನವೇ ಹಲ್ಲು. ಆದರೂ ಒರೆಸಿ ಜೇಬಿಗೆ ಹಾಕಿಕೊಂಡೆ.

ಶಹಾಬಾದಿಗೆ ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ನಗಿಸಬೇಕೆಂದು ಕಂಡಕ್ಟರನ ನಕಲು ಮಾಡಹೋದೆ, ನಿಜವಾದ ಕಂಡಕ್ಟರ್ ಎದುರಿಗೇ ನಿಂತಿದ್ದ. ಬೈದ. ಅವಳ ತುಟಿಯ ಒಂದು ಮೂಲೆ ಅಲುಗಿತು, ಅಷ್ಟೇ.

ಮನೆಗೆ ಬಂದವಳೇ ಕೈಕಾಲು ತೊಳೆದು, ಚಾಪೆ ಹಾಸಿ, ಲ್ಯಾಪ್‌ಟಾಪ್ ತೆರೆದಳು. ಉಳಿದ ವರ್ಷಗಳ ಹಾಳೆಗಳು ಇನ್ನೂ ಬೇಕಾದಷ್ಟಿದ್ದವು. ಅಪ್ಪ ಬಾಗಿಲಲ್ಲಿ ನಿಂತು, “ಅಡೀಚ್ ಅನ್ರಪಾ, ಅಡೀಚ್” ಎಂದು ಹೇಳಿ ಊಟಕ್ಕೆ ಹೋದ.

“ಬಾ, ಕುಂದ್ರು,” ಎಂದಳು ಅಕ್ಕ. “ಓದು. ಕಂಡಕ್ಟರ್ ಬ್ಯಾಡ, ಮೇಸ್ತ್ರಿ ಬ್ಯಾಡ. ನಿನ್ನ ಧ್ವನಿಯಾಗ ಓದು.”

ಹಾಳೆ ನೋಡಿದೆ. ಕೋಳಿ ಕೆದರಿದ ಬರಹ, ಮೊದಲ ಸಾಲು. ಗಂಟಲು ಸರಿಮಾಡಿಕೊಂಡೆ. ಯಾವುದು ನನ್ನದು ಎಂದು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಅವಸರ ಮಾಡಲಿಲ್ಲ.

“ಎರಡು,” ಎಂದೆ. “ಐದು. ಸೊನ್ನಿ.”

ಮನೆ ಕೆಂಪಾಗಲಿಲ್ಲ.